ಸುಮ್ಕಿದ್ದೋನು ಮೈಸೂರ್ಗೆ

ಮೊನ್ನೆ ಚಾಮರಾಜನಗರದ ಬಸ್ಸಿನಿಂದ ಗುಂಡ್ಲುಪೇಟೆಯಲ್ಲಿ ಇಳಿದಾಗ ಸೋನೆ ಹಿಡಿದಿತ್ತು. ನೆಂದ ಸಣ್ಣ ಈರುಳ್ಳಿಯ ಘಾಟು, ಗೋಣಿಚೀಲದ ಮುಗ್ಗಲು, ಅದರ ಮೇಲೆ ಡೀಸೆಲ್ ಹೊಗೆ. ಬೇರೆಯವರು ಮೂಗು ಮುಚ್ಚಿಕೊಂಡು ಓಡುತ್ತಾರೆ, ನನಗೆ ಮಾತ್ರ ಈ ವಾಸನೆ ಬಡಿದರೆ ಎದೆ ಉಬ್ಬುತ್ತದೆ. ನನ್ನ ಬದುಕಿನಲ್ಲಿ ನಾನು ಬೀಗಬಹುದಾದ ಕೆಲಸವೊಂದು ನಡೆದದ್ದು ಇದೇ ವಾಸನೆಯ ನಡುವೆ, ಮದುವೆಯಾದ ಮರುವರ್ಷದ ಶ್ರಾವಣದಲ್ಲಿ. ಬೀಗುವುದು ಒಳ್ಳೆಯದಲ್ಲ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನಾನು ಇವತ್ತು ಸ್ವಲ್ಪ ಬೀಗುವವಳೇ.

ನಾನು ಉಮ್ಮತ್ತೂರಿನ ಹುಡುಗಿ. ಚಾಮರಾಜನಗರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದೆ. ಮುಗಿಸಿದ ಮೇಲೆ ಏನು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುಂಡ್ಲುಪೇಟೆಯ ಸಂಬಂಧ ಬಂತು, ಮದುವೆಯಾಯಿತು. ಗಂಡ ಲೋಕೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಾಧು ಪ್ರಾಣಿ. ಅವನ ಅಮ್ಮ, ಅಂದರೆ ನಮ್ಮತ್ತೆ ರಾಜಮ್ಮಣ್ಣಿ, ಸಾಧುವಲ್ಲ. ಮಾವ ತೀರಿಕೊಂಡ ಮೇಲೆ ಹೆದ್ದಾರಿ ಪಕ್ಕದ ವೇಬ್ರಿಡ್ಜನ್ನು ಒಬ್ಬರೇ ನಡೆಸಿಕೊಂಡು ಬಂದವರು. ನೆಲಕ್ಕೆ ಹಾಸಿದ ಕಬ್ಬಿಣದ ಹಲಗೆಯ ಮೇಲೆ ಲಾರಿ ನಿಂತರೆ ಕ್ಯಾಬಿನ್ನಿನೊಳಗೆ ತೂಕ ಬೀಳುತ್ತದೆ, ಪ್ರಿಂಟರ್ ಕಿರಕಿರ ಎಂದು ಚೀಟಿ ಉಗುಳುತ್ತದೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕಿಟಕಿಯಲ್ಲಿ ಕೂತ ಅತ್ತೆಗೆ ಲಾರಿ ಡ್ರೈವರುಗಳು ಪೊಲೀಸರಿಗಿಂತ ಹೆಚ್ಚು ಹೆದರುತ್ತಿದ್ದರು.

ಹಲಗೆಯ ಮೇಲೆ ಲಾರಿ ಹತ್ತಿದ ಕೂಡಲೇ ಅತ್ತೆ ಕಿಟಕಿಯಿಂದ ಕೂಗುತ್ತಿದ್ದ ಮಾತು ಒಂದೇ: "ಎತ್ಲಾಗೆ?"

ಎತ್ತ ಕಡೆಗೆ ಎಂದು. ನಮ್ಮೂರಿನಿಂದ ದಾರಿಗಳು ಕವಲೊಡೆಯುತ್ತವೆ. ಮೈಸೂರಿಗೆ ಬಯಲು ದಾರಿ. ಕೇರಳಕ್ಕೆ ಕಾಡು ದಾಟಿ ಘಟ್ಟ ಇಳಿಯಬೇಕು. ಘಟ್ಟ ಇಳಿಯುವ ಲೋಡಿಗೆ ಹಗ್ಗ ಬಿಗಿಯುವ ಬಗೆಯೇ ಬೇರೆ, ಇಳಿಜಾರಿನಲ್ಲಿ ಮೂಟೆಗಳು ಮುಂದಕ್ಕೆ ಜಾರದಂತೆ ನೋಡಬೇಕು. ಹಗ್ಗ ಕಣ್ಣಲ್ಲಿ ನೋಡದೆ ಅತ್ತೆ ಕೇರಳದ ಚೀಟಿ ಹರಿಯುತ್ತಿರಲಿಲ್ಲ. ಚೀಟಿಯ ಮೇಲೆ ಹೋಗುವ ಊರಿನ ಹೆಸರೂ ಬೀಳಬೇಕಿತ್ತು. ಡ್ರೈವರ್ ಬಾಯಿ ಬಿಡದಿದ್ದರೆ ಅತ್ತೆ ಎರಡನೇ ಸಲ ಕೇಳುವವರಲ್ಲ. ಮೈಸೂರು ಎಂದು ಒತ್ತಿ ಚೀಟಿ ಕೊಟ್ಟುಬಿಡುವರು. ಒಮ್ಮೆ ಒಬ್ಬ ಫೋನಿನಲ್ಲಿ ಹರಟುತ್ತಾ ಮೈಸೂರಿನ ಚೀಟಿ ಹಿಡಿದು ಕೇರಳದ ಬತ್ತೇರಿಯ ಕಡೆ ಹೋಗಿ, ಅರ್ಧ ದಾರಿಯಿಂದ ವಾಪಸ್ ಬಂದು ಕೂಗಾಡಿದ.

"ನಾನ್ ಕೇಳ್ದೆ, ನೀನ್ ಸುಮ್ಕಿದ್ದೆ," ಎಂದರು ಅತ್ತೆ. "ಸುಮ್ಕಿದ್ದೋನು ಮೈಸೂರ್ಗೆ ಕಣ್ಲಾ. ಇದು ಇಲ್ಲಿನ್ ರೂಲ್ಸು."

ಆ ಮಾತು ಲಾರಿ ಅಡ್ಡೆಯಲ್ಲಿ ಗಾದೆಯೇ ಆಗಿಹೋಗಿತ್ತು. ಟೀಗೆ ಸಕ್ಕರೆ ಬೇಡ ಎಂದು ಹೇಳದೆ, ಆಮೇಲೆ ಗೊಣಗುವವನಿಗೂ ಅದನ್ನೇ ಹೇಳುತ್ತಿದ್ದರು.

ಆ ಶ್ರಾವಣದಲ್ಲಿ ವೇಬ್ರಿಡ್ಜಿನ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಅಂಗಡಿಯವನು ಬೇರೆ ಡಿಸ್ಕ್ ಹಾಕಿ, ಆ ಹಳೇ ಯಂತ್ರ ತಡೆಯುವ ಹಳೇ ವಿಂಡೋಸನ್ನೇ ಮತ್ತೆ ತುಂಬಿಕೊಟ್ಟ. ತೂಕ ಓದಿ ಚೀಟಿ ಮುದ್ರಿಸುವ ಪ್ರೋಗ್ರಾಮ್ ಮಾತ್ರ ಹೋಗಿಬಿಟ್ಟಿತ್ತು. ಅದನ್ನು ಮಾಡಿಕೊಟ್ಟಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ತೂಕವೇನೋ ಕಂಪ್ಯೂಟರಿನ ಪಕ್ಕದ ತೂಕದ ಪೆಟ್ಟಿಗೆಯ ಮೇಲೆ ಕೆಂಪು ಅಂಕಿಗಳಲ್ಲಿ ಕಾಣುತ್ತಿತ್ತು, ಆದರೆ ಕೈಬರಹದ ಚೀಟಿಯನ್ನು ಕೇರಳದ ವ್ಯಾಪಾರಿಗಳು ಒಪ್ಪುತ್ತಿರಲಿಲ್ಲ. ಓಣಂ ಹತ್ತಿರ ಬಂದಿತ್ತು. ಬೀನ್ಸ್, ಟೊಮ್ಯಾಟೊ, ಸಣ್ಣ ಈರುಳ್ಳಿ, ಚೆಂಡು ಹೂವು ಎಲ್ಲವೂ ಘಟ್ಟ ಇಳಿಯುವ ಕಾಲ. ವರ್ಷದ ದುಡಿಮೆಯೆಲ್ಲ ಆ ಒಂದು ವಾರದ್ದು.

ಬೈಪಾಸಿನಲ್ಲಿ ಹೊಸ ವೇಬ್ರಿಡ್ಜ್ ಹಾಕಿದ್ದ ಯಜಮಾನ ಬಂದು ನಮ್ಮ ಕ್ಯಾಬಿನ್ನಿನ ಮುಂದೆ ನಿಂತ. ಸುತ್ತ ಡ್ರೈವರುಗಳು, ಹಮಾಲರು ಇದ್ದರು.

"ಯಾಕಕ್ಕ ಈ ವಯಸ್ಸಲ್ಲಿ ಒದ್ದಾಟ? ಈ ಓಣಂ ನಮ್ಗೆ ಬುಟ್ಬುಡಿ. ನೀವು ಆರಾಮಾಗಿ ಮನೇಲಿರಿ."

ಅತ್ತೆ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡರು. "ಶುಕ್ರವಾರದ ಲೋಡ್ಗೆ ನಮ್ ವೇಬ್ರಿಡ್ಜು ಚೀಟಿ ಕೊಡ್ತದ ಕಣಪ್ಪ. ನಮ್ ಸೊಸೆ ಪೋಗ್ರಾಮು ಬರೀತಾವ್ಳೆ. ನೀನ್ ಓಗಿ ನಿನ್ ಹಲಗೆ ಗುಡ್ಸ್ಕೊ."

ನಾನು ಕೈಯಲ್ಲಿ ಟೀ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ನಾನು ಏನನ್ನೂ ಬರೆಯುತ್ತಿರಲಿಲ್ಲ. ಬರೆಯುತ್ತೇನೆಂದೂ ಹೇಳಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಆದರೂ ಅಷ್ಟು ಜನರ ಮುಂದೆ "ನಮ್ ಸೊಸೆ" ಎಂದ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ನನ್ನ ಓದನ್ನು ನನಗಿಂತ ಹೆಚ್ಚು ನಂಬಿದವರು ಅವರು ಎಂದು ಅವತ್ತು ತಿಳಿಯಿತು. ಶುಕ್ರವಾರ ಚೀಟಿ ಬರದಿದ್ದರೆ ಅತ್ತೆಯ ಮಾತು ಇಡೀ ಹೆದ್ದಾರಿಯಲ್ಲಿ ನಗೆಪಾಟಲು, ಅದು ನನ್ನಿಂದ.

ಮಾರನೆಯ ದಿನವೇ ಚಾಮರಾಜನಗರದ ಬಸ್ಸು ಹತ್ತಿದೆ. ನಾನು ಓದಿದ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಶಿವಣ್ಣ ಮೇಷ್ಟ್ರು ಇನ್ನೂ ಇದ್ದರು. ಸಂಗತಿ ಕೇಳಿ ನಕ್ಕು, ಕಿಟಕಿ ಪಕ್ಕದ ಯಂತ್ರ ಬಿಟ್ಟುಕೊಟ್ಟರು. ಲ್ಯಾಬಿನ ಯಂತ್ರಗಳಲ್ಲಿ ವಿಂಡೋಸ್ ಇರಲಿಲ್ಲ, ಅದರ ಬದಲು ನಡೆಯುತ್ತಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್. ಹಳೇ ಯಂತ್ರಕ್ಕೂ ಭಾರವಾಗದಂತೆ ಸರಳ ಸಿ ಭಾಷೆಯಲ್ಲಿ ಬರೆ ಎಂದರು ಮೇಷ್ಟ್ರು, ಅದಕ್ಕೆ ತಕ್ಕ ಒಂದು ಹಳೇ ಉಚಿತ ಕಂಪೈಲರನ್ನೂ ಹುಡುಕಿ ಕೊಟ್ಟರು. ಬೆಳಗ್ಗೆ ಬಸ್ಸಿನಲ್ಲಿ ಹೋಗುವಾಗ ದಾರಿಯ ಎರಡೂ ಬದಿ ಚೆಂಡು ಹೂವಿನ ಹೊಲ, ಅರಿಸಿನದ ಹೊಲ, ಮೋಡದ ನೆರಳು. ಸಂಜೆ ಬರುವಾಗ ಮಳೆ. ನಡುವೆ ಲ್ಯಾಬಿನಲ್ಲಿ ನಾನು ಮತ್ತು ನನ್ನ ಪ್ರೋಗ್ರಾಮ್. ಓದು ಮುಗಿದ ಮೇಲೆ ತುಕ್ಕು ಹಿಡಿದಿದ್ದ ತಲೆ ಮೊದಲ ದಿನ ಕಿರುಗುಟ್ಟಿತು, ಆಮೇಲೆ ಹದಕ್ಕೆ ಬಂತು. ಎಷ್ಟು ಸಂತೋಷವಾಗಿತ್ತೆಂದರೆ ಊಟದ ಡಬ್ಬಿ ತೆರೆಯುವುದೇ ಮರೆಯುತ್ತಿತ್ತು.

ಬುಧವಾರದ ಹೊತ್ತಿಗೆ ಮುಗಿಯಿತು. ಸುಳ್ಳು ತೂಕಗಳನ್ನು ಕೊಟ್ಟು ನೋಡಿದೆ, ಲ್ಯಾಬಿನ ಪ್ರಿಂಟರಿನಲ್ಲಿ ಅಚ್ಚುಕಟ್ಟಾದ ಚೀಟಿ ಬಂತು. ಮೇಷ್ಟ್ರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು, "ಲ್ಯಾಬಿಗೆ ಒಬ್ಬರು ಇನ್‌ಸ್ಟ್ರಕ್ಟರ್ ಬೇಕಮ್ಮ. ನೀನು ಬರ್ತೀಯಾ ಅಂದ್ರೆ ನಾನು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ."

ಮನೆಯಲ್ಲಿ ಕೇಳಬೇಕು, ಏನೆನ್ನುತ್ತಾರೋ, ವೇಬ್ರಿಡ್ಜಿಗೆ ಯಾರು ಟೀ ತರುತ್ತಾರೆ, ಹೀಗೆ ನೂರೆಂಟು ಯೋಚನೆ ನನಗೆ. ಸುಮ್ಮನೆ ನಕ್ಕು ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಅವತ್ತು ಸಂಜೆ ಕ್ಯಾಬಿನ್ನಿನ ಮುಂದೆ ಹಂಸಣ್ಣನ ಲಾರಿ ನಿಂತಿತ್ತು. ಹಂಸ ಮಲಪ್ಪುರಂ ಕಡೆಯ ಡ್ರೈವರ್, ಹಳೇ ಗಿರಾಕಿ. ನನ್ನನ್ನು "ಮೋಳೆ" ಎನ್ನುತ್ತಿದ್ದ. ಮಲಯಾಳದಲ್ಲಿ ಅದು ಮಗಳು ಎಂದು ಗೊತ್ತಾಗುವ ತನಕ, ಇವನು ಯಾಕೆ ನನ್ನನ್ನು ಮೊಳೆ ಎನ್ನುತ್ತಾನೆಂದು ನಾನು ಮುಖ ಊದಿಸಿಕೊಂಡು ಓಡಾಡಿದ್ದೆ.

"ಮೋಳೆ, ಆಯ್ತಾ?" ಎಂದು ಕಿಟಕಿಯಲ್ಲಿ ತಲೆ ತೂರಿಸಿದ.

ಫೈಲು ಒತ್ತಿದೆ. ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಯಂತ್ರ ನನ್ನನ್ನೇ ಕೇಳಿತು. ಓಹೋ, ಹೆಸರಿನ ಬಾಲ ಇಲ್ಲವಲ್ಲ ಎಂದು ಕೊನೆಗೆ .exe ಅಂಟಿಸಿ ಮತ್ತೆ ಒತ್ತಿದೆ. ಇದು ಇಲ್ಲಿ ನಡೆಯತಕ್ಕ ಪ್ರೋಗ್ರಾಮೇ ಅಲ್ಲ ಎಂದಿತು. ಬೋರ್ಡು ಬದಲಿಸಿದ ಮಾತ್ರಕ್ಕೆ ಮೈಸೂರಿನ ಬಸ್ಸು ಕೊಳ್ಳೇಗಾಲಕ್ಕೆ ಹೋಗುವುದಿಲ್ಲ ಎನ್ನುವುದು ಡಿಪ್ಲೊಮಾ ಮಾಡಿದ ನನಗೆ ಹೊಳೆಯದೆ ಹೋಯಿತು. ಮೂರು ನಾಲ್ಕು ಸಲ ಒತ್ತಿದೆ. ಕಿಟಕಿಯಾಚೆ ಯಾರೋ ಕಿಸಕ್ಕನೆ ನಕ್ಕರು.

"ನಗ್ತೀಯೇನ್ಲಾ?" ಎಂದರು ಅತ್ತೆ ಆ ಕಡೆ ತಿರುಗಿ. "ನಾನ್ ಏಳಿದ್ದು ಶುಕ್ರವಾರ. ಇವತ್ ಬುದುವಾರ. ಲೆಕ್ಕ ಬತ್ತದಾ ನಿಂಗೆ?" ನನಗೆ ಒಂದು ಮಾತೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಮಾತ್ರ ಎರಡು ಹಪ್ಪಳ ಹೆಚ್ಚಿಗೆ ಹಾಕಿದರು. ಅತ್ತೆಯ ಸಮಾಧಾನ ಹಪ್ಪಳದ ರೂಪದಲ್ಲೇ ಬರುತ್ತಿತ್ತು.

ಗುರುವಾರ ಮತ್ತೆ ಲ್ಯಾಬ್. ಆ ಕಂಪೈಲರಿನ ಜೊತೆಗಿದ್ದ ಕೈಪಿಡಿಯನ್ನು ಮೊದಲ ಸಲ ನೆಟ್ಟಗೆ ಕೂತು ಓದಿದೆ. ನಾವು ಬರೆದದ್ದನ್ನು ಕಂಪೈಲರ್ ಯಂತ್ರದ ಮಾತಿಗೆ ತಿರುಗಿಸಿ ತುಂಡು ತುಂಡಾಗಿ ಇಡುತ್ತದೆ. ಆ ತುಂಡುಗಳನ್ನು ಸೇರಿಸಿ, ಬೇಕಾದ ಸಾಮಾನನ್ನು ಉಗ್ರಾಣದಿಂದ ತಂದು ಜೋಡಿಸಿ, ಓಡುವ ಒಂದು ಫೈಲಾಗಿ ಕಟ್ಟುವ ಕೆಲಸ ಲಿಂಕರಿನದು. ಕಟ್ಟುವಾಗ ಫೈಲಿನ ತಲೆಯಲ್ಲೇ ಒಂದು ಗುರುತು ಹಾಕುತ್ತದೆ: ಇದು ಲಿನಕ್ಸಿನದು, ಇದು ವಿಂಡೋಸಿನದು ಎಂದು. ಹೊರಗಿನ ಹೆಸರು ಏನೇ ಇರಲಿ, ಯಂತ್ರ ನೋಡುವುದು ಆ ಗುರುತನ್ನು. ಹಾಗಾದರೆ ಯಾವ ಗುರುತು ಹಾಕಬೇಕೆಂದು ಲಿಂಕರಿಗೆ ಹೇಗೆ ಗೊತ್ತಾಗುತ್ತದೆ? ನಾವು ಹೇಳಬೇಕು. ಹೇಳದಿದ್ದರೆ? ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹೇಳದಿದ್ದರೆ, ತಾನು ಯಾವ ಯಂತ್ರದಲ್ಲಿ ಕೂತು ಕಟ್ಟುತ್ತಿದೆಯೋ ಆ ಯಂತ್ರಕ್ಕೇ ಎಂದು ತಿಳಿದುಕೊಳ್ಳುತ್ತದೆ.

ನಾನು ಲ್ಯಾಬಿನಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟೆ. ಸುಮ್ಕಿದ್ದೋನು ಮೈಸೂರ್ಗೆ! ದಿನವೂ ಆ ಗಾದೆ ಕೇಳಿಕೊಂಡು, ಆ ಮನೆಯ ಅನ್ನ ಉಂಡುಕೊಂಡು, ನಾನೇ ಸುಮ್ಮನಿದ್ದೆ. ಲಿಂಕರ್ ನನ್ನ ಪ್ರೋಗ್ರಾಮಿಗೆ ಲ್ಯಾಬಿನ ಚೀಟಿ ಹರಿದು ಕೊಟ್ಟಿತ್ತು. ತಪ್ಪು ಅದರದಲ್ಲ.

ಲಿಂಕರಿಗೆ ಕೊಡುವ ಆದೇಶದಲ್ಲಿ ಇದು ವಿಂಡೋಸಿಗೆ ಎಂದು ಒಂದು ಸಾಲು ಸೇರಿಸಿದೆ. ಬರೆದ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ, ಹೋಗುವ ಊರು ಮಾತ್ರ ಬದಲಾಯಿತು. ಹೊಸ ಫೈಲನ್ನು ಲ್ಯಾಬಿನ ಯಂತ್ರದಲ್ಲಿ ಒತ್ತಿ ನೋಡಿದರೆ ಈಗ ಅದು ಇಲ್ಲಿ ಓಡಲೊಲ್ಲದು! ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಇಲ್ಲಿ ಓಡಲಿಲ್ಲ ಅಂದ್ರೆ ಅರ್ಧ ಗೆದ್ದಂಗೆ ಕಣಮ್ಮ. ಇನ್ನರ್ಧ ನಿಮ್ಮೂರಲ್ಲಿ." ಯಾವುದಕ್ಕೂ ಇರಲಿ ಎಂದು ಲ್ಯಾಬಿನ ಹಳೇ ಲ್ಯಾಪ್‌ಟಾಪನ್ನು ಕಂಪೈಲರ್ ಸಮೇತ ಚೀಲಕ್ಕೆ ಹಾಕಿ ಕಳಿಸಿದರು. ಬಸ್ಸಿನಲ್ಲಿ ಅದನ್ನು ಮಳೆಹನಿ ತಾಗದಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಶುಕ್ರವಾರ ಮಧ್ಯಾಹ್ನದಿಂದಲೇ ಲಾರಿಗಳು ಸಾಲು ಹಿಡಿದವು. ರಾತ್ರಿಯಾದರೆ ಕಾಡಿನ ಗೇಟು ಹಾಕಿಬಿಡುತ್ತಾರೆ, ಆಮೇಲೆ ಬೆಳಗಾಗುವ ತನಕ ಯಾವ ಲಾರಿಯೂ ದಾಟುವಂತಿಲ್ಲ. ಅಷ್ಟರೊಳಗೆ ತೂಕವಾಗಿ ಹೊರಟವರ ತರಕಾರಿ ಮಾತ್ರ ಮಾರನೆಯ ಬೆಳಗಿನ ಓಣಂ ಸಂತೆಗೆ. ಅತ್ತೆಯ ಮಾತು ನಂಬಿ ಬೈಪಾಸಿನ ಕಡೆ ತಿರುಗದೆ ನಮ್ಮಲ್ಲಿ ನಿಂತವರು ಅವರೆಲ್ಲ. ಮುಂದೆ ಹಂಸಣ್ಣನ ಲಾರಿ. ಬೈಪಾಸಿನ ಯಜಮಾನ ಎದುರಿನ ಟೀ ಅಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಫೈಲು ಒತ್ತಿದೆ. ಈ ಸಲ ಬೇರೆ ಮಾತು. ಪ್ರೋಗ್ರಾಮ್ ಸರಿ, ಆದರೆ ಇದಕ್ಕಿಂತ ಹೊಸ ವಿಂಡೋಸ್ ಬೇಕು ಎಂದಿತು.

ಅತ್ತೆ ನನ್ನ ಮುಖ ನೋಡಿದರು. "ಏನಂತದವ್ವ?"

"ಒಂಚೂರು ತಡೀರಿ ಅತ್ತೆ," ಎಂದೆ. ಎಲ್ಲಿ ತಪ್ಪಿದ್ದೆನೆಂದು ಈಗ ನನಗೆ ಗೊತ್ತಿತ್ತು. ವಿಂಡೋಸಿಗೆ ಎಂದು ಹೇಳಿದ್ದೆ, ಯಾವ ಕಾಲದ ವಿಂಡೋಸ್ ಎಂದು ಹೇಳಿರಲಿಲ್ಲ. ಅಲ್ಲೂ ಸುಮ್ಮನಿದ್ದೆ, ಲಿಂಕರ್ ತನಗೆ ತೋಚಿದ ಆವೃತ್ತಿಯ ಅಂಕಿಯನ್ನು ಫೈಲಿನ ತಲೆಗೆ ಬರೆದಿತ್ತು. ಲ್ಯಾಪ್‌ಟಾಪ್ ತೆಗೆದು ತೂಕದ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಆದೇಶದ ಸಾಲಿಗೆ ಹಳೇ ವಿಂಡೋಸಿನ ಅಂಕಿ ಸೇರಿಸಿದೆ. ತುಂಡುಗಳೆಲ್ಲ ಸಿದ್ಧವಾಗಿಯೇ ಇದ್ದವು, ಲಿಂಕರ್ ಮತ್ತೊಮ್ಮೆ ಕಟ್ಟಿದರೆ ಸಾಕಿತ್ತು.

ಅದೇ ಹೊತ್ತಿಗೆ ಅತ್ತೆ, ಏನೂ ಆಗಿಲ್ಲವೆಂಬಂತೆ, ಕಿಟಕಿಯಿಂದ ಕೂಗಿದರು. "ಅಂಸಣ್ಣ, ಎತ್ಲಾಗೆ?"

"ಕೇರಳಕ್ಕೆ ಅಮ್ಮಾ."

"ಕೇರಳ ಅಂದ್ರ ಸಾಲ್ದು ಕಣಯ್ಯ. ಗೂಡ್ಲೂರ್ ಮ್ಯಾಲೋ, ಬತ್ತೇರಿ ಮ್ಯಾಲೋ?"

ನಾನು ತಲೆ ಬಗ್ಗಿಸಿಕೊಂಡೇ ನಕ್ಕೆ. ಗೂಡಲೂರು ಎಂದ ಹಂಸಣ್ಣ. ಪೆನ್‌ಡ್ರೈವಿನಿಂದ ಫೈಲು ಈ ಕಡೆಗೆ ಬಂತು. ಒತ್ತಿದೆ.

ಕಪ್ಪು ಪರದೆ ತೆರೆದುಕೊಂಡಿತು. ಹಂಸಣ್ಣನ ಲಾರಿಯ ತೂಕ ಪೆಟ್ಟಿಗೆಯಲ್ಲಿ ಕೆಂಪಗೆ, ಪರದೆಯಲ್ಲಿ ಬೆಳ್ಳಗೆ, ಎರಡೂ ಒಂದೇ. ಊರಿನ ಹೆಸರು ಹೊಡೆದು ಎಂಟರ್ ಒತ್ತಿದೆ. ಪ್ರಿಂಟರ್ ಒಂದು ಕ್ಷಣ ಯೋಚಿಸಿದಂತೆ ಮಾಡಿ, ಆಮೇಲೆ ಕಿರಕಿರ ಎಂದಿತು. ಆ ಸದ್ದು ಕೇಳಿ ಹೊರಗಿದ್ದ ಹಮಾಲರು ಹೋ ಎಂದು ಕೂಗಿದರು. ಸಾಲಿನ ಕೊನೆಯಲ್ಲಿದ್ದವನೊಬ್ಬ ಏನೆಂದು ತಿಳಿಯದೆಯೇ ಹಾರನ್ ಹೊಡೆದ.

ಅತ್ತೆ ಚೀಟಿ ಹರಿದು, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಓದಿದರು. ಹೊರಗೆ ಹೋಗಿ ಹಗ್ಗ ಎಳೆದು ನೋಡಿದರು. ನೋಡದೆ ಕೊಡುವವರಲ್ಲ, ಅಂಥ ಹೊತ್ತಿನಲ್ಲೂ. ಆಮೇಲೆ ಚೀಟಿಯನ್ನು ಹಂಸಣ್ಣನ ಕೈಗಿಟ್ಟರು.

"ಯಾವ ಕಂಪನಿದು ಅಮ್ಮಾ ಈ ಪ್ರೋಗ್ರಾಂ?" ಎಂದ ಅವನು, ಎದುರಿನ ಟೀ ಅಂಗಡಿಗೆ ಕೇಳುವಂತೆ. ಬೇಕೆಂದೇ ಕೇಳಿದ ಕಳ್ಳ.

"ಕಂಪ್ನಿದಲ್ಲ ಕಣಯ್ಯ, ನಮ್ ಮನೇದು!" ಎಂದರು ಅತ್ತೆ. ಟೀ ಅಂಗಡಿಗೇನು, ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

ಗೇಟು ಹಾಕುವ ಮುಂಚೆ ಸಾಲೆಲ್ಲ ಕರಗಿತು. ಬೈಪಾಸಿನ ಯಜಮಾನ ಯಾವಾಗ ಎದ್ದು ಹೋದನೋ ಯಾರೂ ಗಮನಿಸಲಿಲ್ಲ. ಹಲಗೆಯ ಮೇಲೆ ಬಿದ್ದಿದ್ದ ಹೂವಿನ ಎಸಳು, ಈರುಳ್ಳಿ ಸಿಪ್ಪೆ ಮಳೆಗೆ ಅಂಟಿಕೊಂಡಿದ್ದವು. ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುತ್ತಿದ್ದೆ. ಅತ್ತೆ ಅವತ್ತು ತಾವೇ ಹೋಗಿ ಟೀ ತಂದು ನನ್ನ ಮುಂದಿಟ್ಟು, ತಮ್ಮ ಕುರ್ಚಿಯಲ್ಲಿ ಕೂತರು.

"ಬೆಳಗ್ಗೆ ನಿಮ್ ಮೇಷ್ಟ್ರು ಲೋಕೇಶಂಗೆ ಫೋನ್ ಮಾಡಿದ್ರಂತೆ," ಎಂದರು. "ಲ್ಯಾಬ್ ಕೆಲ್ಸಕ್ಕೆ ಬತ್ತೀಯಾ ಅಂತ ಕೇಳಿದ್ಕೆ ನೀನು ಏನೂ ಏಳ್ನಿಲ್ವಂತೆ. ಅವ್ರು ಬೇರೆಯವ್ರನ್ನ ನೋಡ್ಕೊಳ್ನಾ ಅಂತ ಕೇಳುದ್ರಂತೆ."

ನಾನು ಟೀ ಲೋಟ ನೋಡುತ್ತಾ ಕೂತೆ. ವೇಬ್ರಿಡ್ಜು, ಮನೆ, ನೀವು ಒಬ್ಬರೇ, ಎಂದು ಏನೇನೋ ನಾಲಿಗೆಯ ತುದಿಗೆ ಬಂತು.

ಅತ್ತೆ ಮುಂದಕ್ಕೆ ಬಾಗಿದರು. ಲಾರಿಯವರಿಗೆ ಕೇಳುವ ದನಿಯಲ್ಲೇ, ಆದರೆ ಮೆಲ್ಲಗೆ ಕೇಳಿದರು.

"ಎತ್ಲಾಗವ್ವ?"

ಹೊರಗೆ ಮಳೆ ಹುಯ್ಯುತ್ತಿತ್ತು. ನನ್ನ ಓದು, ಮದುವೆ, ಬದುಕು ಯಾವುದರ ಬಗ್ಗೆಯೂ ಅದುವರೆಗೆ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅತ್ತೆ ಎರಡನೇ ಸಲ ಕೇಳುವವರಲ್ಲವೆಂದು ನನಗೆ ಗೊತ್ತಿತ್ತು.

"ಚಾಮರಾಜನಗರಕ್ಕೆ ಅತ್ತೆ," ಎಂದೆ. "ಪಾಠ ಮಾಡೋಕೆ."

"ಅಂಗೇಳು ಮತ್ತ," ಎಂದು ಅವರು ಟೀ ಕುಡಿದು ಮುಗಿಸಿದರು.

ಈಗ ಪ್ರತಿ ವರ್ಷವೂ ಲ್ಯಾಬಿನಲ್ಲಿ ಯಾರಾದರೊಬ್ಬರು ಬಂದು, ಮೇಡಂ, ಇಲ್ಲಿ ಓಡಿದ ಫೈಲು ಮನೆಯ ಕಂಪ್ಯೂಟರಿನಲ್ಲಿ ಓಡುತ್ತಿಲ್ಲ ಎನ್ನುತ್ತಾರೆ. ನಾನು ಕೈಪಿಡಿ ತೆಗೆಯುವ ಮುಂಚೆ ಕೇಳುವುದು ಒಂದೇ ಮಾತು. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಮೊನ್ನೆ ಸೋನೆಯಲ್ಲಿ ನೆನೆಯುತ್ತಾ ವೇಬ್ರಿಡ್ಜ್ ಮುಟ್ಟಿದಾಗ ಅದೇ ಹಳೇ ಯಂತ್ರ, ಅದೇ ಕಪ್ಪು ಪರದೆ, ನನ್ನದೇ ಪ್ರೋಗ್ರಾಮ್. ಹಲಗೆಯ ಮೇಲೆ ಹೊಸ ಲಾರಿ, ಹೊಸ ಡ್ರೈವರ್. ಅತ್ತೆಗೆ ಈಗ ದನಿ ಸ್ವಲ್ಪ ಬಿದ್ದಿದೆ. ಅವರು ಕೂಗಿದ್ದು ಡ್ರೈವರಿಗೆ ಕೇಳಿಸಲಿಲ್ಲ, ಸುಮ್ಮನೆ ಕೂತಿದ್ದ. ಅತ್ತೆಯ ಬೆರಳು ಆಗಲೇ ಮೈಸೂರು ಎಂದು ಒತ್ತಲು ಹೊರಟಿತ್ತು.

ನಾನು ಕೊಡೆ ಮಡಚಿ, ಲಾರಿಯ ಬಾಗಿಲು ತಟ್ಟಿ, ಅತ್ತೆಯ ದನಿಯಲ್ಲೇ ಕೂಗಿದೆ.

"ಎತ್ಲಾಗೆ?"